ಬೆಲೆಯೊಳಗೆ ಅಡಗಿದ ತೆರಿಗೆ

ಬೇಸಿಗೆ ಶುರುವಾಗಿದೆ ಎಂದಿಟ್ಟುಕೊಳ್ಳಿ. ಮುಂಡರಗಿ ಕಡೆಯ ಹಳ್ಳಿಯೊಂದರಿಂದ ಏಳನೆಯ ತರಗತಿಯ ಹುಡುಗಿಯೊಬ್ಬಳು ಅಪ್ಪನ ಜೊತೆ ಫ್ಯಾನು ಕೊಳ್ಳಲು ಪೇಟೆಗೆ ಬಂದಿದ್ದಾಳೆ. ಡಬ್ಬಿಯ ಮೇಲೆ ‘ಗರಿಷ್ಠ ಚಿಲ್ಲರೆ ಬೆಲೆ ರೂ. 1,770, ಎಲ್ಲ ತೆರಿಗೆಗಳೂ ಸೇರಿ’ ಎಂದು ಅಚ್ಚಾಗಿದೆ. ಅಪ್ಪ ರಸೀದಿ ಕೇಳಿದರು. ಅಂಗಡಿಯವರು ಕ್ಯಾಲ್ಕುಲೇಟರ್ ಒತ್ತಿದರು.

“ಬಿಲ್ ಬೇಕಂದ್ರ ಹದಿನೆಂಟು ಪರ್ಸೆಂಟ್ ಟ್ಯಾಕ್ಸ್ ಬೀಳತೈತ್ರಿ. ಒಟ್ಟು ಎರಡು ಸಾವಿರದ ಎಂಬತ್ತೊಂಬತ್ತು ಆಗತೈತಿ.”

ಹುಡುಗಿ ಡಬ್ಬಿಯನ್ನು ತಿರುಗಿಸಿ ತೋರಿಸಿದಳು. “ಕಾಕಾ, ಇಲ್ಲಿ ಎಲ್ಲಾ ತೆರಿಗೆ ಸೇರಿ ಅಂತ ಬರದೈತಲ್ರೀ. ಮತ್ತ್ಯಾಕ ಮ್ಯಾಲೆ ಹಚ್ಚತೀರಿ?”

ಯಾರ ಮಾತು ಸರಿ? ಹುಡುಗಿಯದೇ ಸರಿ. ಪೊಟ್ಟಣದ ಮೇಲೆ ಅಚ್ಚಾಗಿರುವ ಗರಿಷ್ಠ ಬೆಲೆಯೊಳಗೆ ತೆರಿಗೆ ಮೊದಲೇ ಸೇರಿರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಸೇರಿಸಿ ಕೇಳುವಂತಿಲ್ಲ. 2011ರ ಪೊಟ್ಟಣ ಸರಕುಗಳ ನಿಯಮಗಳು ಹಾಗೆ ಹೇಳುತ್ತವೆ. ರಸೀದಿ ಕೊಟ್ಟರೆ ಒಂದು ಬೆಲೆ, ಕೊಡದಿದ್ದರೆ ಇನ್ನೊಂದು ಬೆಲೆ ಎಂಬುದೂ ಸಲ್ಲದು. ಹುಡುಗಿ ಸುಮ್ಮನಿದ್ದಿದ್ದರೆ ಅಪ್ಪನ ಜೇಬಿನಿಂದ ರೂ. 318.60 ಹೆಚ್ಚಾಗಿ ಹೋಗುತ್ತಿತ್ತು. ಹೆಚ್ಚುಕಡಿಮೆ ಒಂದು ದಿನದ ಕೂಲಿ!

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಆ 1,770 ರೂಪಾಯಿಯೊಳಗೆ ಫ್ಯಾನಿನ ಬೆಲೆ ಎಷ್ಟು, ತೆರಿಗೆ ಎಷ್ಟು? ಕ್ಯಾಲ್ಕುಲೇಟರ್ ಇಲ್ಲದೆ ಹೇಳಬಲ್ಲಿರಾ? ನಿಮ್ಮಲ್ಲಿ ಹಲವರು “1,770ರಲ್ಲಿ ಶೇ. 18 ತೆಗೆದರಾಯಿತು” ಎನ್ನಬಹುದು. ಹಾಗೆ ತೆಗೆದರೆ ಉತ್ತರ ತಪ್ಪಾಗುತ್ತದೆ. ಯಾಕೆಂಬುದನ್ನು ಆಮೇಲೆ ನೋಡೋಣ. ಮೊದಲು ಸುಲಭದ ಕಡೆಯಿಂದ ಹೋಗೋಣ.

ಹತ್ತರಿಂದ ಶುರು ಮಾಡಿ

ಶೇಕಡಾ ಎಂದರೆ ನೂರಕ್ಕೆ ಇಷ್ಟು. ನೂರು ರೂಪಾಯಿಗೆ 5 ರೂಪಾಯಿ ತೆರಿಗೆ ಎಂದರೆ ಶೇ. 5. ಇದು ನಿಮಗೆ ಗೊತ್ತು. ಬಾಯಿಲೆಕ್ಕಕ್ಕೆ ಬೇಕಾದದ್ದು ಒಂದೇ ಒಂದು ಕೀಲಿಕೈ: ಶೇ. 10. ಯಾವುದೇ ಮೊತ್ತದ ಶೇ. 10 ಬೇಕಾದರೆ ದಶಮಾಂಶ ಬಿಂದುವನ್ನು ಒಂದು ಮನೆ ಎಡಕ್ಕೆ ಸರಿಸಿ. 450ರ ಶೇ. 10 ಎಂದರೆ 45. 86ರ ಶೇ. 10 ಎಂದರೆ 8.60.

ಶೇ. 5 ಬೇಕೇ? ಶೇ. 10ರ ಅರ್ಧ. 450ಕ್ಕೆ 22.50. ಮುಗಿಯಿತು.

ಶೇ. 18 ಸ್ವಲ್ಪ ಒರಟು ಸಂಖ್ಯೆ. 18ರ ಮಗ್ಗಿ ಎಲ್ಲರಿಗೂ ನಾಲಗೆ ತುದಿಯಲ್ಲಿ ಇರುವುದಿಲ್ಲ. ಆದರೆ 18 ಎಂದರೆ 20ಕ್ಕೆ 2 ಕಡಿಮೆ. ಆ 2 ಎಂಬುದು 20ರ ಹತ್ತನೆಯ ಒಂದು ಭಾಗ. ಆದ್ದರಿಂದ ಹೀಗೆ ಮಾಡಿ: ಶೇ. 10 ತೆಗೆಯಿರಿ, ಅದನ್ನು ಇಮ್ಮಡಿ ಮಾಡಿ, ಬಂದದ್ದರಲ್ಲಿ ಹತ್ತನೆಯ ಒಂದು ಭಾಗ ಕಳೆಯಿರಿ. 450ಕ್ಕೆ ಮಾಡೋಣ. 45, ಅದರ ಇಮ್ಮಡಿ 90, ಅದರಲ್ಲಿ 9 ಕಳೆದರೆ 81. ಉತ್ತರ ರೂ. 81. ಕಾಗದದ ಮೇಲೆ 450 × 18 ÷ 100 ಮಾಡಿ ತಾಳೆ ನೋಡಿ.

ಚಿನ್ನದ ಮೇಲೆ ಶೇ. 3 ಇದೆ. ಅಲ್ಲಿ ಶೇ. 1 ತೆಗೆದು ಮೂರರಿಂದ ಗುಣಿಸುವುದೇ ಸರಳ. ಬಿಂದುವನ್ನು ಎರಡು ಮನೆ ಸರಿಸಿದರೆ ಶೇ. 1 ಸಿಗುತ್ತದೆ.

ಒಂದು ರಸೀದಿಯನ್ನು ಓದೋಣ

ಮನೆಯಲ್ಲಿ ಯಾವುದಾದರೂ ಹಳೆಯ ರಸೀದಿ ಇದ್ದರೆ ಕೈಗೆ ತೆಗೆದುಕೊಳ್ಳಿ. ಗದಗ-ಬೆಟಗೇರಿಯ ದೊಡ್ಡ ಅಂಗಡಿಯದಾದರೂ ಸರಿ, ಶಿರಹಟ್ಟಿಯ ಔಷಧಿ ಅಂಗಡಿಯದಾದರೂ ಸರಿ. ಮೇಲ್ಭಾಗದಲ್ಲಿ ಅಂಗಡಿಯ ಹೆಸರಿನ ಕೆಳಗೆ 15 ಅಕ್ಷರ-ಅಂಕಿಗಳ ಉದ್ದನೆಯ ಸಂಖ್ಯೆ ಇದೆಯೇ? ಅದು ತೆರಿಗೆಯ ನೋಂದಣಿ ಸಂಖ್ಯೆ. ಮೊದಲ ಎರಡು ಅಂಕಿ ನೋಡಿ. ಅಂಗಡಿ ಕರ್ನಾಟಕದ್ದಾದರೆ ಅದು 29 ಆಗಿರಲೇಬೇಕು. ಅದು ನಮ್ಮ ರಾಜ್ಯದ ಗುರುತು.

ಕೆಳಗಡೆ ತೆರಿಗೆ ಎರಡು ಸಾಲುಗಳಲ್ಲಿ ಇರುತ್ತದೆ. ಒಂದು ಸಿ.ಜಿ.ಎಸ್.ಟಿ., ಇನ್ನೊಂದು ಎಸ್.ಜಿ.ಎಸ್.ಟಿ. ಮೊದಲನೆಯದು ಕೇಂದ್ರ ಸರಕಾರದ ಪಾಲು, ಎರಡನೆಯದು ರಾಜ್ಯ ಸರಕಾರದ ಪಾಲು. ಎರಡೂ ಸರಿಸಮ. ಶೇ. 18 ಇದ್ದರೆ 9 ಮತ್ತು 9. ಶೇ. 5 ಇದ್ದರೆ ಎರಡೂವರೆ ಮತ್ತು ಎರಡೂವರೆ. ಸಾಮಾನು ಬೇರೆ ರಾಜ್ಯದ ಅಂಗಡಿಯಿಂದ ನೇರವಾಗಿ ಬಂದಿದ್ದರೆ ಎರಡು ಸಾಲುಗಳ ಬದಲು ಐ.ಜಿ.ಎಸ್.ಟಿ. ಎಂಬ ಒಂದೇ ಸಾಲು ಇರುತ್ತದೆ. ಒಟ್ಟು ಅಷ್ಟೇ.

ಈಗ ಒಂದು ರಸೀದಿಯನ್ನು ನಾವೇ ಬರೆಯೋಣ. ಬೆಲೆಗಳೆಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು. ತೆರಿಗೆ ಸೇರಿಸುವುದಕ್ಕಿಂತ ಮುಂಚಿನ ಬೆಲೆಗಳು ಇವು: ನೋಟ್‌ಬುಕ್ಕುಗಳು ರೂ. 240, ಕಂಪಾಸ್ ಪೆಟ್ಟಿಗೆ ರೂ. 120, ಛತ್ರಿ ರೂ. 300, ಫ್ಯಾನು ರೂ. 1,500.

2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದವು. ನೋಟ್‌ಬುಕ್, ಪೆನ್ಸಿಲ್, ರಬ್ಬರುಗಳಿಗೆ ತೆರಿಗೆ ಇಲ್ಲವಾಯಿತು. ಕಂಪಾಸ್ ಪೆಟ್ಟಿಗೆಗೂ ಛತ್ರಿಗೂ ಶೇ. 12 ಇದ್ದದ್ದು ಶೇ. 5ಕ್ಕೆ ಇಳಿಯಿತು. ಫ್ಯಾನಿಗೆ ಶೇ. 18 ಹಾಗೆಯೇ ಉಳಿಯಿತು.

ಒಂದೊಂದೇ ಸಾಮಾನಿಗೆ ತೆರಿಗೆ ಹಾಕುತ್ತಾ ಹೋಗಬೇಡಿ. ಒಂದೇ ದರದವುಗಳನ್ನು ಮೊದಲು ಗುಂಪು ಮಾಡಿ. ಕಂಪಾಸ್ ಪೆಟ್ಟಿಗೆ ಮತ್ತು ಛತ್ರಿ ಕೂಡಿ 420. ಅದರ ಶೇ. 10 ಎಂದರೆ 42. ಅರ್ಧ ಮಾಡಿದರೆ 21. ಫ್ಯಾನಿಗೆ: 150, ಇಮ್ಮಡಿ 300, ಮೂವತ್ತು ಕಳೆದರೆ 270. ನೋಟ್‌ಬುಕ್ಕಿಗೆ ಸೊನ್ನೆ. ಒಟ್ಟು ತೆರಿಗೆ 291. ಸಾಮಾನಿನ ಬೆಲೆ 2,160. ಕೊಡಬೇಕಾದದ್ದು ರೂ. 2,451.

ಗುಂಪು ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ತೆರಿಗೆ ಸೇರದ ಬೆಲೆ ರೂ. 15 ಇರುವ ಏಳು ಸಾಬೂನು ಕೊಂಡಿರಿ ಎನ್ನಿ. ಒಂದಕ್ಕೆ ಶೇ. 5ರಂತೆ 75 ಪೈಸೆ ತೆರಿಗೆ. “ಬಿಡು, ಒಂದು ರೂಪಾಯಿ ಹಿಡಿ” ಎಂದು ಪ್ರತಿಯೊಂದಕ್ಕೂ ಪೂರ್ಣ ಮಾಡುತ್ತಾ ಹೋದರೆ ಏಳು ರೂಪಾಯಿ ಆಗುತ್ತದೆ. ಒಟ್ಟಿಗೆ ಮಾಡಿದರೆ 105ಕ್ಕೆ 5.25 ಮಾತ್ರ. ಪೈಸೆಗಳನ್ನು ಪೂರ್ಣ ರೂಪಾಯಿಗೆ ತರುವ ಕೆಲಸ ಯಾವಾಗಲೂ ಲೆಕ್ಕದ ಕೊನೆಗೆ ಇರಲಿ. 50 ಪೈಸೆಗಿಂತ ಕಡಿಮೆಯಿದ್ದರೆ ಬಿಡುವುದು, 50 ಅಥವಾ ಹೆಚ್ಚಿದ್ದರೆ ಮುಂದಿನ ರೂಪಾಯಿ.

ರಿಯಾಯಿತಿ ಇದ್ದರೆ? ಬೆಟಗೇರಿ ನೇಕಾರಿಕೆಗೆ ಹೆಸರಾದ ಊರು. ಅಲ್ಲಿಯ ಅಂಗಡಿಯಲ್ಲಿ ಸಾವಿರ ರೂಪಾಯಿಯ ಸೀರೆಗೆ ಶೇ. 10 ಸೋಡಿ ಬಿಟ್ಟು, ಆಮೇಲೆ ಶೇ. 5 ತೆರಿಗೆ ಹಾಕುತ್ತಾರೆ. 900, ಅದಕ್ಕೆ 45 ಸೇರಿ 945. ತೆರಿಗೆ ಮೊದಲು ಹಾಕಿ ಸೋಡಿ ಆಮೇಲೆ ಬಿಟ್ಟರೆ? 1,050ರಲ್ಲಿ 105 ಹೋಗಿ ಮತ್ತೆ 945. ಗಿರಾಕಿಗೆ ಯಾವುದು ಮೊದಲಾದರೂ ಒಂದೇ. ಗುಣಾಕಾರದಲ್ಲಿ ಸಂಖ್ಯೆಗಳ ಜಾಗ ಅದಲುಬದಲು ಮಾಡಿದರೂ ಉತ್ತರ ಬದಲಾಗುವುದಿಲ್ಲ ಎಂದು ಕಲಿತದ್ದು ನೆನಪಿದೆಯೇ? ಅದೇ ಇಲ್ಲಿ ಸೀರೆ ಅಂಗಡಿಗೆ ಬಂದಿದೆ.

ಕೂಡಿಸಿದ್ದನ್ನು ತೆಗೆಯುವುದು ಹೇಗೆ?

ಈಗ ಫ್ಯಾನಿನ ಡಬ್ಬಿಗೆ ಮರಳೋಣ. ಡಬ್ಬಿಯ ಮೇಲೆ 1,770. ಇದರಲ್ಲಿ ಶೇ. 18 ಎಂದರೆ 318.60. ಕಳೆದರೆ 1,451.40. ಇದು ಫ್ಯಾನಿನ ನಿಜವಾದ ಬೆಲೆಯಾಗಿದ್ದರೆ, ಅದಕ್ಕೆ ಶೇ. 18 ಸೇರಿಸಿದಾಗ ಮತ್ತೆ 1,770 ಬರಬೇಕು. ಸೇರಿಸಿ ನೋಡಿ. ಸುಮಾರು 1,712.65 ಬರುತ್ತದೆ! ಐವತ್ತೇಳು ರೂಪಾಯಿಗೂ ಹೆಚ್ಚು ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಿಲ್ಲ. ತಪ್ಪಿದ್ದು ನಮ್ಮ ‘ನೂರು’. ತೆರಿಗೆ ಹಾಕುವಾಗ ಫ್ಯಾನಿನ ಮೂಲ ಬೆಲೆಯನ್ನು ನೂರು ಎಂದುಕೊಂಡು ಅದರ ಮೇಲೆ 18 ಹಾಕಿದ್ದರು. ಆಗ ಒಟ್ಟು 118 ಆಯಿತು. ತೆಗೆಯುವಾಗ ನಾವು ಆ 118ನ್ನೇ ನೂರು ಎಂದು ಭಾವಿಸಿದೆವು. ದೊಡ್ಡದರ ಶೇ. 18 ದೊಡ್ಡದೇ ಆಗುತ್ತದೆ. ಅದಕ್ಕೇ ಹೆಚ್ಚು ತೆಗೆದುಬಿಟ್ಟೆವು.

ಸರಿಯಾದ ದಾರಿ ಹೀಗಿದೆ. 118ರಲ್ಲಿ ತೆರಿಗೆ 18. ಹಾಗಾದರೆ 1,770ರಲ್ಲಿ ಎಷ್ಟು? ಇದನ್ನು ನಮ್ಮ ಹಿರಿಯರು ತ್ರೈರಾಶಿ ಎಂದು ಕರೆದರು. ಗೊತ್ತಿರುವ ಮೂರು ರಾಶಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ವಿಧಾನ ಇದು. ಮೊದಲನೆಯದು ಪ್ರಮಾಣ (118), ಎರಡನೆಯದು ಫಲ (18), ಮೂರನೆಯದು ಇಚ್ಛೆ (1,770). ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಈ ವಿಧಾನವನ್ನು ವಿವರಿಸಿದ್ದಾನೆ. ಆ ಪುಸ್ತಕ ಸಂಸ್ಕೃತದ್ದು. 12ನೆಯ ಶತಮಾನದಲ್ಲಿ ರಾಜಾದಿತ್ಯ ಎಂಬಾತ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಅಂಗಡಿಯ ಲೆಕ್ಕಕ್ಕೆ ಕನ್ನಡ ಹೊಸದೇನಲ್ಲ!

ಭಾಗಾಕಾರ ಮಾಡೋಣ. 118ನ್ನೂ 18ನ್ನೂ ಎರಡರಿಂದ ಭಾಗಿಸಿದರೆ 59 ಮತ್ತು 9. 1,770ನ್ನು 59ರಿಂದ ಭಾಗಿಸಿದರೆ 30. ಮೂವತ್ತೊಂಬತ್ತಲೆ 270. ಹಾಗಾದರೆ ತೆರಿಗೆ ರೂ. 270, ಫ್ಯಾನಿನ ಬೆಲೆ ರೂ. 1,500. ಮೇಲಿನ ರಸೀದಿಯಲ್ಲಿ ಬಂದ ಲೆಕ್ಕವೇ ಇದು. ತಾಳೆಯಾಯಿತು.

ಶೇ. 5 ಇದ್ದಾಗ ಇನ್ನೂ ಚೆಂದ. 105ರಲ್ಲಿ ತೆರಿಗೆ 5. ಅಂದರೆ 21ರಲ್ಲಿ 1. ತೆರಿಗೆ ಸೇರಿದ ಬೆಲೆಯನ್ನು 21ರಿಂದ ಭಾಗಿಸಿದರೆ ತೆರಿಗೆ ನೇರವಾಗಿ ಕೈಗೆ ಬರುತ್ತದೆ. ರೂ. 63 ಬೆಲೆಯ ಟೂತ್‌ಪೇಸ್ಟಿನಲ್ಲಿ ತೆರಿಗೆ 3. ರೂ. 420 ಬೆಲೆಯ ಚಪ್ಪಲಿಯಲ್ಲಿ 20. ಇಪ್ಪತ್ತೊಂದರ ಮಗ್ಗಿ ಬಂದರೆ ಸಾಕು.

ಇಲ್ಲಿ ಒಂದು ಗುಟ್ಟು ಅಡಗಿದೆ, ಗಮನಿಸಿದಿರಾ? ಶೇ. 5 ಎಂದರೆ ಇಪ್ಪತ್ತರಲ್ಲಿ ಒಂದು. ಸೇರಿಸುವಾಗ ಇಪ್ಪತ್ತನೆಯ ಒಂದು ಭಾಗ, ತೆಗೆಯುವಾಗ ಇಪ್ಪತ್ತೊಂದನೆಯ ಒಂದು ಭಾಗ. ಶೇ. 4 ಎಂದರೆ ಇಪ್ಪತ್ತೈದರಲ್ಲಿ ಒಂದು. ತೆಗೆಯುವಾಗ ಇಪ್ಪತ್ತಾರರಲ್ಲಿ ಒಂದು. ಹನ್ನೆರಡೂವರೆ ಎಂದರೆ ಎಂಟರಲ್ಲಿ ಒಂದು. ತೆಗೆಯುವಾಗ ಒಂಬತ್ತರಲ್ಲಿ ಒಂದು. ಯಾಕೆ ಹೀಗೆ? ಇಪ್ಪತ್ತು ಕಡಲೆಕಾಯಿ ಸಾಲಾಗಿ ಇಡಿ. ಅದರ ಇಪ್ಪತ್ತನೆಯ ಒಂದು ಭಾಗ, ಅಂದರೆ ಒಂದು ಕಾಯಿ ಸೇರಿಸಿ. ಈಗ ಎಷ್ಟಿವೆ? ಸೇರಿಸಿದ್ದನ್ನು ಹಿಂದಕ್ಕೆ ತೆಗೆಯಬೇಕಾದರೆ ಎಷ್ಟರಲ್ಲಿ ಒಂದನ್ನು ತೆಗೆಯುತ್ತೀರಿ?

ಏಳು ಇಳಿದರೂ ಏಳು ಇಳಿಯಲಿಲ್ಲ

ಕಂಪಾಸ್ ಪೆಟ್ಟಿಗೆಯ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು ಎಂದೆವಲ್ಲ. ಹಾಗಾದರೆ ಬೆಲೆ ನೂರಕ್ಕೆ ಏಳು ರೂಪಾಯಿ ಇಳಿಯಬೇಕಲ್ಲವೇ? ಮೂಲ ಬೆಲೆ ನೂರು ಎಂದುಕೊಳ್ಳಿ. ಮೊದಲು ನಾವು ಕೊಡುತ್ತಿದ್ದದ್ದು 112. ಈಗ 105. ಇಳಿದದ್ದು 7 ರೂಪಾಯಿ ನಿಜ. ಆದರೆ ಅದು 112ರಲ್ಲಿ ಇಳಿದ 7. ಅಂದರೆ ಹದಿನಾರರಲ್ಲಿ ಒಂದು. ಶೇಕಡಾ ಲೆಕ್ಕದಲ್ಲಿ ಆರೂಕಾಲು ಮಾತ್ರ. ಸಿಮೆಂಟಿನ ತೆರಿಗೆ ಅದೇ ದಿನ ಶೇ. 28ರಿಂದ 18ಕ್ಕೆ ಇಳಿಯಿತು. ಮನೆ ಕಟ್ಟಿಸುವವರು “ಹತ್ತು ಪರ್ಸೆಂಟ್ ಸೋವಿ ಆತು” ಎಂದರೆ ಅದೂ ಪೂರ್ತಿ ಸರಿಯಲ್ಲ. 128ರಲ್ಲಿ 10 ಇಳಿದಿದೆ. ಶೇ. 8ಕ್ಕೂ ಸ್ವಲ್ಪ ಕಡಿಮೆ. ಇದು ಯಾರೂ ಮಾಡಿದ ಮೋಸವಲ್ಲ. ಯಾವುದರ ಶೇಕಡಾ ಎಂದು ಕೇಳದೇ ಇರುವುದರಿಂದ ಆಗುವ ಗೊಂದಲ.

ಹದಿನಾರರಲ್ಲಿ ಒಂದು ಎಂದಾಗ ನಿಮ್ಮ ಅಜ್ಜನಿಗೆ ಅಥವಾ ಮುತ್ತಜ್ಜನಿಗೆ ಬೇರೆಯೇ ಒಂದು ಹೆಸರು ಹೊಳೆಯುತ್ತಿತ್ತು. “ರೂಪಾಯಿಗೆ ಒಂದಾಣೆ.”

ಆಣೆ, ಪೈ ಮತ್ತು ಜಕಾತಿ

1957ರ ಏಪ್ರಿಲ್ 1ರವರೆಗೆ ನಮ್ಮ ರೂಪಾಯಿಗೆ ನೂರು ಪೈಸೆ ಇರಲಿಲ್ಲ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಹಾಗಾಗಿ ರೂಪಾಯಿಗೆ 192 ಪೈ. ಆ ಕಾಲದಲ್ಲಿ ತೆರಿಗೆ, ದಲಾಲಿ, ಬಡ್ಡಿ ಎಲ್ಲವನ್ನೂ ‘ರೂಪಾಯಿಗೆ ಇಷ್ಟು ಪೈ’ ಎಂದು ಹೇಳುವುದು ವಾಡಿಕೆ. ಶೇಕಡಾ ಬೇಕಾಗುತ್ತಿರಲಿಲ್ಲ. ರೂಪಾಯಿಗೆ 3 ಪೈ ತೆರಿಗೆ ಎನ್ನಿ. 24 ರೂಪಾಯಿ 8 ಆಣೆಯ ಸಾಮಾನಿಗೆ ಎಷ್ಟು? 24 ರೂಪಾಯಿಗೆ 72 ಪೈ, ಅಂದರೆ 6 ಆಣೆ. ಎಂಟಾಣೆಗೆ ಒಂದೂವರೆ ಪೈ. ಒಟ್ಟು 6 ಆಣೆ ಒಂದೂವರೆ ಪೈ. ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಆಗಿನ ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತಿದ್ದದ್ದು ಇಂಥ ಲೆಕ್ಕಗಳಿಗಾಗಿಯೇ. ಎಂಟರಲ್ಲಿ ಒಂದು ಪಾಲಿಗೆ ಅರೆಕಾಲು, ಹದಿನಾರರಲ್ಲಿ ಒಂದು ಪಾಲಿಗೆ ವೀಸ ಎಂಬ ಹೆಸರುಗಳಿದ್ದವು.

ನಮ್ಮ ನಾಲ್ಕು ಊರುಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಇವತ್ತು ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲವೂ ಒಂದೇ ಜಿಲ್ಲೆಯಲ್ಲಿವೆ. ಜಿಲ್ಲೆಯಾದದ್ದು 1997ರಲ್ಲಿ. ಆದರೆ 1948ಕ್ಕೆ ಮುಂಚೆ ಗದಗ, ಮುಂಡರಗಿಗಳು ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು. ಮುಂಬಯಿ ಪ್ರಾಂತ್ಯ 1946ರಲ್ಲಿ ಮಾರಾಟ ತೆರಿಗೆಯ ಕಾನೂನು ಮಾಡಿದಾಗ ಅದು ಗದಗಿನ ಪೇಟೆಗೆ ಸೇರಿದ ಕಾನೂನು. ಪಕ್ಕದ ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ಸಂಸ್ಥಾನದ ಕಾನೂನು. ಒಂದು ಎತ್ತಿನ ಗಾಡಿ ಒಂದೇ ದಿನದಲ್ಲಿ ಬೇರೆ ಬೇರೆ ಸರಕಾರಗಳ ನೆಲವನ್ನು ದಾಟಬಹುದಿತ್ತು! ದೇಶದಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ಮೊದಲು ತಂದದ್ದು ಮದ್ರಾಸ್ ಪ್ರಾಂತ್ಯ, 1939ರಲ್ಲಿ.

ಮಾರುವ ಸರಕಿನ ಮೇಲೆ ಸುಂಕ ಕೇಳುವುದು ಇನ್ನೂ ಹಳೆಯದು. ಲಕ್ಷ್ಮೇಶ್ವರ ಎಂದರೆ ಹಿಂದಿನ ಪುಲಿಗೆರೆ. 8ನೆಯ ಶತಮಾನದಲ್ಲಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಈ ಊರಿನವರಿಗೆ ಒಂದು ‘ಆಚಾರ ವ್ಯವಸ್ಥೆ’ ಬರೆಸಿಕೊಟ್ಟ ಶಾಸನವಿದೆ. ಊರಿನವರ ಹಕ್ಕುಗಳು, ಅರಸನ ಅಧಿಕಾರಿಗಳ ಕರ್ತವ್ಯಗಳ ಜೊತೆಗೆ ಮನೆಗಳು ಕೊಡಬೇಕಾದ ತೆರಿಗೆಯೂ ಅದರಲ್ಲಿ ಗೊತ್ತಾಗಿದೆ. ಎಲ್ಲರಿಗೂ ಒಂದೇ ಮೊತ್ತವಲ್ಲ, ಮನೆತನದ ಅನುಕೂಲಕ್ಕೆ ತಕ್ಕಂತೆ ಮೇಲು, ನಡು, ಕೆಳಗು ಎಂದು ಬೇರೆ ಬೇರೆ. ಆಮೇಲಿನ ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಪೆರ್ಜುಂಕ ಎಂದರೆ ಹಿರಿಯ ಸುಂಕ. ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಆಗ ಟಂಕಸಾಲೆ ಇತ್ತು. ಅಲ್ಲಿ ಅಚ್ಚಾದ ಹೊನ್ನಿನ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಎಂದೇ ಹೆಸರು.

ನಮ್ಮ ಕಡೆಯ ಹಿರಿಯರು ಜಕಾತಿ ಎಂಬ ಮಾತನ್ನು ಬಳಸುವುದನ್ನು ಕೇಳಿರಬಹುದು. ಊರೊಳಗೆ ಸರಕು ಬರುವಾಗ ನಾಕೆಯಲ್ಲಿ ಗಾಡಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದ ಸುಂಕ ಅದು. ಮಾರಾಟ ತೆರಿಗೆ ಬೇರೆ, ಜಕಾತಿ ಬೇರೆ. ಒಂದು ಸರಕು ಮಾರಿದಾಗ, ಇನ್ನೊಂದು ಸರಕು ಊರಿನ ಗಡಿ ದಾಟಿದಾಗ. ಕರ್ನಾಟಕದಲ್ಲಿ ಜಕಾತಿ ಹೋಗಿ 1979ರ ಪ್ರವೇಶ ತೆರಿಗೆ ಬಂತು.

ಮೈಸೂರು ರಾಜ್ಯ ವಿಶಾಲವಾದ ಮೇಲೆ 1957ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಕಾನೂನು ಆಯಿತು. ಹೊಸ ಪೈಸೆ ಬಂದದ್ದೂ ಅದೇ ವರ್ಷ. ಅಂಗಡಿಯ ಗುಮಾಸ್ತರು ಎರಡೆರಡು ಹೊಸ ಲೆಕ್ಕ ಕಲಿಯಬೇಕಾಯಿತು. 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್ ಬಂತು. ಆಗ ಬಹಳಷ್ಟು ಸಾಮಾನುಗಳಿಗೆ ಇದ್ದ ದರ ಹನ್ನೆರಡೂವರೆ. ಅದು ಅಂಜಿಸುವಂತೆ ಕಂಡರೂ ಎಲ್ಲಕ್ಕಿಂತ ಸುಲಭದ ದರ. ಹಳೆಯ ‘ರೂಪಾಯಿಗೆ ಎರಡಾಣೆ’ ಅಷ್ಟೇ. ಮೂರು ಸಲ ಅರ್ಧ ಮಾಡುತ್ತಾ ಹೋಗಿ: 640, 320, 160, 80. ತೆರಿಗೆ ರೂ. 80. 2017ರ ಜುಲೈ 1ರಿಂದ ಇಡೀ ದೇಶಕ್ಕೆ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ.

ಹಾಗಾದರೆ ಮಾರಾಟ ತೆರಿಗೆ ಪೂರ್ತಿ ಹೋಯಿತೇ? ಇಲ್ಲ. ಪೆಟ್ರೋಲ್, ಡೀಸೆಲ್‌ಗಳನ್ನು ಜಿ.ಎಸ್.ಟಿ. ಒಳಗೆ ತಂದಿಲ್ಲ. ಅವುಗಳ ಮೇಲೆ ರಾಜ್ಯದ ಮಾರಾಟ ತೆರಿಗೆ ನಡೆದಿದೆ. 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 29.84ಕ್ಕೆ ಏರಿಸಲಾಯಿತು. ಇಂಥ ದರ ಬಂದರೆ ಹೆದರಬೇಡಿ. ಅದನ್ನು 30 ಎಂದುಕೊಳ್ಳಿ. 80 ರೂಪಾಯಿಗೆ 24. ನಿಜವಾದ ಉತ್ತರ ಇದಕ್ಕಿಂತ ಹದಿಮೂರು ಪೈಸೆಯಷ್ಟು ಕಡಿಮೆ. ಬಾಯಿಲೆಕ್ಕಕ್ಕೆ ಇಷ್ಟು ಸಾಕು.

ನೂಲಿನಿಂದ ಸೀರೆಯವರೆಗೆ

ಒಂದು ಪ್ರಶ್ನೆ ನಿಮಗೆ ಬಂದಿರಬೇಕು. ನೂಲು ಮಾರುವವನು ತೆರಿಗೆ ಕಟ್ಟುತ್ತಾನೆ, ನೇಯ್ಗೆಯವರು ಕಟ್ಟುತ್ತಾರೆ, ಸೀರೆ ಅಂಗಡಿಯವರೂ ಕಟ್ಟುತ್ತಾರೆ. ಹಾಗಾದರೆ ಒಂದೇ ಸೀರೆಗೆ ಮೂರು ಸಲ ತೆರಿಗೆಯಾಗಲಿಲ್ಲವೇ?

ಮೂವರೂ ನೋಂದಣಿ ಮಾಡಿಸಿದವರು, ಮೂರೂ ಕಡೆ ಶೇ. 5 ಎಂದು ಇಟ್ಟುಕೊಳ್ಳೋಣ. ನೇಕಾರರ ಸಂಘ 600 ರೂಪಾಯಿಯ ನೂಲು ಕೊಂಡು 30 ರೂಪಾಯಿ ತೆರಿಗೆ ಕೊಟ್ಟಿತು. ನೇಯ್ದ ಸೀರೆಯನ್ನು ಅಂಗಡಿಗೆ 1,000ಕ್ಕೆ ಮಾರಿ 50 ರೂಪಾಯಿ ತೆರಿಗೆ ಪಡೆಯಿತು. ಆದರೆ ಸರಕಾರಕ್ಕೆ ಕಟ್ಟುವಾಗ 50 ಕಟ್ಟುವುದಿಲ್ಲ. ತಾನು ಮೊದಲೇ ಕೊಟ್ಟ 30ನ್ನು ಮುರಿದುಕೊಂಡು 20 ಮಾತ್ರ ಕಟ್ಟುತ್ತದೆ. ಅಂಗಡಿಯವರು ಅದೇ ಸೀರೆಯನ್ನು ನಿಮ್ಮ ಅವ್ವನಿಗೆ 1,200ಕ್ಕೆ ಮಾರಿ 60 ರೂಪಾಯಿ ತೆರಿಗೆ ಪಡೆದರು. ಕೊಟ್ಟಿದ್ದ 50ನ್ನು ಮುರಿದು 10 ಕಟ್ಟಿದರು. ಕೂಡಿಸಿ ನೋಡಿ: 30, 20, 10. ಒಟ್ಟು 60. ಸೀರೆಯ ಕೊನೆಯ ಬೆಲೆ 1,200ರ ಶೇ. 5 ಎಷ್ಟು? ಅದೇ 60! ಪ್ರತಿಯೊಬ್ಬರೂ ತಾವು ಹೆಚ್ಚಿಸಿದ ಮೌಲ್ಯಕ್ಕೆ ಮಾತ್ರ ಕಟ್ಟಿದಂತಾಯಿತು. ಪೂರ್ತಿ 60 ರೂಪಾಯಿಯ ಭಾರ ಬಿದ್ದದ್ದು ಮಾತ್ರ ಅವ್ವನ ಮೇಲೆ.

ಮುರಿದುಕೊಳ್ಳುವ ಅವಕಾಶ ಇಲ್ಲದಿದ್ದರೆ ಏನಾಗುತ್ತಿತ್ತು? ಸಂಘಕ್ಕೆ ನೂಲು ಬಿದ್ದದ್ದು 630. ಕೂಲಿ, ಲಾಭ 400 ಸೇರಿ 1,030. ಅದರ ಮೇಲೆ ತೆರಿಗೆ 51.50. ಅಂಗಡಿಗೆ ಬಿದ್ದದ್ದು 1,081.50. ಅದಕ್ಕೆ 200 ಸೇರಿ 1,281.50. ಅದರ ಮೇಲೆ ತೆರಿಗೆ 64ಕ್ಕೂ ಸ್ವಲ್ಪ ಹೆಚ್ಚು. ಮೂರೂ ತೆರಿಗೆ ಕೂಡಿದರೆ ಸುಮಾರು 145.58. ಅರವತ್ತರ ಎರಡು ಪಟ್ಟಿಗೂ ಮೀರಿತು. ತೆರಿಗೆಯ ಮೇಲೆ ತೆರಿಗೆ ಬಿದ್ದರೆ ಹೀಗಾಗುತ್ತದೆ. ವ್ಯಾಟ್ ತಂದದ್ದರ ಮುಖ್ಯ ಕಾರಣ ಇದೇ.

ನಿಮ್ಮ ಓಣಿಯ ಕಿರಾಣಿ ಅಂಗಡಿಯವರು ತೆರಿಗೆಯ ರಸೀದಿ ಕೊಡದೇ ಇರಬಹುದು. ಅದರಿಂದಲೇ ಅವರನ್ನು ಅನುಮಾನಿಸಬೇಡಿ. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲದವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ಇನ್ನು ಕೆಲವರು ವಹಿವಾಟಿನ ಶೇ. 1ನ್ನು ಒಟ್ಟಾಗಿ ಕಟ್ಟುವ ರಾಜಿ ಪದ್ಧತಿಯಲ್ಲಿರುತ್ತಾರೆ. ಅವರೂ ರಸೀದಿಯಲ್ಲಿ ತೆರಿಗೆಯನ್ನು ಬೇರೆಯಾಗಿ ಹಾಕುವಂತಿಲ್ಲ. ಜಿ.ಎಸ್.ಟಿ. ಎಂದು ಹಣ ಕೇಳಿ, ರಸೀದಿಯಲ್ಲಿ ನೋಂದಣಿ ಸಂಖ್ಯೆಯೇ ಇಲ್ಲದಿದ್ದರೆ ಆಗ ಕೇಳಲೇಬೇಕು.

ವಹಿವಾಟು ಎಂದರೆ ಲಾಭವಲ್ಲ ಎಂಬುದನ್ನೂ ಮರೆಯಬೇಡಿ. 2025ರ ಜುಲೈನಲ್ಲಿ ಯು.ಪಿ.ಐ. ಮೂಲಕ ಬಂದ ಹಣದ ಮೊತ್ತ ನೋಡಿ ವಾಣಿಜ್ಯ ತೆರಿಗೆಗಳ ಇಲಾಖೆ ರಾಜ್ಯದ ಹಲವು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ದೊಡ್ಡ ಗಲಿಬಿಲಿಯಾಯಿತು. ಹಾಲು, ತರಕಾರಿ, ಬಿಡಿ ಜೋಳದಂಥ ಸರಕಿಗೆ ತೆರಿಗೆಯೇ ಇಲ್ಲ. ಬಂದ ಹಣವನ್ನೆಲ್ಲ ಒಂದೇ ರಾಶಿ ಮಾಡಿ ಅದರ ಮೇಲೆ ಶೇಕಡಾ ಹಾಕಿದರೆ ಲೆಕ್ಕ ತಪ್ಪುತ್ತದೆ. ನಾವು ಮೇಲಿನ ರಸೀದಿಯಲ್ಲಿ ನೋಟ್‌ಬುಕ್ಕಿನ 240 ರೂಪಾಯಿಯನ್ನು ಬೇರೆ ಇಟ್ಟೆವಲ್ಲ, ಹಾಗೆ ಬೇರೆ ಇಡಬೇಕು.

ನೀವೇ ಬಿಡಿಸಿ

ಕ್ಯಾಲ್ಕುಲೇಟರ್, ಮೊಬೈಲು ಎರಡೂ ಬೇಡ. ಸ್ಲೇಟು ನಡೆಯುತ್ತದೆ.

1. ತೆರಿಗೆ ಸೇರದ ಬೆಲೆ ರೂ. 4,800 ಇರುವ ಸೈಕಲ್ಲಿಗೆ ಶೇ. 5 ತೆರಿಗೆ. ಕೇಂದ್ರದ ಪಾಲು ಎಷ್ಟು, ರಾಜ್ಯದ ಪಾಲು ಎಷ್ಟು, ಒಟ್ಟು ಕೊಡುವುದೆಷ್ಟು?

2. ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯ ಮೇಲೆ ಎಲ್ಲ ತೆರಿಗೆ ಸೇರಿ ರೂ. 84 ಎಂದಿದೆ. ತೆರಿಗೆ ಶೇ. 5. ಎಣ್ಣೆಗೆ ಎಷ್ಟು, ಸರಕಾರಕ್ಕೆ ಎಷ್ಟು?

3. ಮಿಕ್ಸರಿನ ಡಬ್ಬಿಯ ಮೇಲೆ ರೂ. 3,540. ತೆರಿಗೆ ಶೇ. 18. ತೆರಿಗೆ ಎಷ್ಟು ರೂಪಾಯಿ?

4. 2005ರಲ್ಲಿ ಹನ್ನೆರಡೂವರೆ ದರವಿದ್ದಾಗ ಒಂದು ಸಾಮಾನು ತೆರಿಗೆ ಸೇರಿ ರೂ. 450ಕ್ಕೆ ಸಿಗುತ್ತಿತ್ತು. ಅದರೊಳಗೆ ತೆರಿಗೆ ಎಷ್ಟಿತ್ತು?

5. ಇದು ಸ್ವಲ್ಪ ತಲೆ ಕೆರೆಯುವಂಥದ್ದು. ಒಂದು ಅಂಗಡಿಯ ಮುಂದೆ “ದೀಪಾವಳಿ ಕೊಡುಗೆ! ಶೇ. 18 ತೆರಿಗೆ ನಮ್ಮದೇ!” ಎಂಬ ಫಲಕವಿದೆ. ತೆರಿಗೆ ಸೇರಿ ರೂ. 2,360 ಇರುವ ಸಾಮಾನಿಗೆ ನೀವು ಎಷ್ಟು ಕೊಡಬೇಕು? ನಿಮಗೆ ಸಿಕ್ಕ ಸೋಡಿ ಅಚ್ಚಾದ ಬೆಲೆಯ ಶೇ. 18 ಆಯಿತೇ?

ಉತ್ತರಗಳು: (1) ರೂ. 120, ರೂ. 120, ಒಟ್ಟು ರೂ. 5,040. (2) ಎಣ್ಣೆಗೆ ರೂ. 80, ತೆರಿಗೆ ರೂ. 4. (3) ರೂ. 540. (4) ರೂ. 50. (5) ರೂ. 2,000, ಸೋಡಿ ರೂ. 360, ಅದು 2,360ರ ಶೇ. 15ಕ್ಕಿಂತ ಸ್ವಲ್ಪ ಹೆಚ್ಚು, 18 ಅಲ್ಲ.